ಅಂಬಾ ಹೇಳಬೇಕಿದ್ದ ಊರು

೧
ಎಲ್ಲಿಂದ ಶುರು ಮಾಡಲಿ? ಫೋನ್ ರಿಂಗಾಗುವಲ್ಲಿಂದ ಎಂದುಕೊಂಡಿದ್ದೆ. ಆದರೆ ಫೋನ್ ರಿಂಗಾದರೆ ಅಂಬಾ ಎದ್ದು ಹೊರಗೆ ಹೋಗುತ್ತಾಳೆ. ನಾಯಕಿಯೇ ಇಲ್ಲದ ಕಥೆ ನಿಮಗಾದರೂ ಯಾಕೆ? (ಆ ಡ್ರಾಫ್ಟ್ ಕಸದ ಬುಟ್ಟಿಗೆ.)

೨
೨೦೦೪, ಪುಣೆಯ ಧನಕವಡಿ. ಕಂಪನಿಗಳಿಗೆ ಬರುವ ಫೋನ್ ಕರೆಗಳಿಗೆ ತಾನೇ ಉತ್ತರಿಸುವ ಯಂತ್ರ ತಯಾರಿಸುತ್ತಿದ್ದ ಸಣ್ಣ ಆಫೀಸು. ಬೆಳಗಾವಿ ಕಡೆಯ ಅಂಬಾ ಅಲ್ಲಿ ಯಂತ್ರ ಆಡಬೇಕಾದ ಕನ್ನಡ ಮಾತುಗಳನ್ನು ಬರೆಯುತ್ತಿದ್ದಳು. ಬರೆಯುವುದೇನೋ ಸಲೀಸು, ಬಾಯಿ ತೆರೆದರೆ ಮೊದಲ ಅಕ್ಷರ ಗಂಟಲಲ್ಲೇ ಕಚ್ಚಿಕೊಳ್ಳುತ್ತಿತ್ತು. ಆ ಮೌನ ತಡೆಯಲಾರದೆ ಎದುರಿನವರೇ ಅವಳ ಮಾತು ಮುಗಿಸಿಬಿಡುತ್ತಿದ್ದರು. ಹೋಟೆಲಿನಲ್ಲಿ ಅವಳಿಗೆ ಬೇಕಿದ್ದದ್ದು ಕಾಫಿ, ಬರುತ್ತಿದ್ದದ್ದು ಚಹಾ. ಸುಮ್ಮನೆ ಕುಡಿದು ಬರುತ್ತಿದ್ದಳು.

೩
ಕರ್ನಾಟಕ-ಮಹಾರಾಷ್ಟ್ರದ ನಡುವೆ ಪಾರ್ಸೆಲ್ ಸಾಗಿಸುವ ಅಪ್ಪಾಸಾಹೇಬರ ಕಂಪನಿಗಾಗಿ ಹೊಸ ಯಂತ್ರ ಸಿದ್ಧವಾಗಿತ್ತು. ಊರಿನ ಹೆಸರು ಹೇಳಿದರೆ ಸಾಕು, ಅಲ್ಲಿನ ಗೋದಾಮಿಗೆ ಲೈನ್ ಜೋಡಿಸುತ್ತಿತ್ತು. ಎಲ್ಲರೂ ಊಟಕ್ಕೆ ಹೋದಾಗ ಅಂಬಾ ಅದಕ್ಕೆ ಫೋನ್ ಮಾಡಿದಳು.

"ಊರಿನ ಹೆಸರು ಹೇಳಿರಿ." ಅವಳೇ ಬರೆದ ಸಾಲು.

ಅಕ್ಷರ ಹೊರಬೀಳುವ ಮೊದಲೇ, "ಕ್ಷಮಿಸಿರಿ, ಕೇಳಿಸಲಿಲ್ಲ," ಎಂದು ಯಂತ್ರ ಲೈನ್ ಕತ್ತರಿಸಿತು. ಅದೂ ಅವಳೇ ಬರೆದದ್ದು.

ಬಾಗಿಲಲ್ಲಿ ಇಂಜಿನಿಯರ್ ಏಕನಾಥ ಊಟದ ಡಬ್ಬಿ ಹಿಡಿದು ನಿಂತಿದ್ದ. "ತಪ್ಪು ನಿಮ್ದಲ್ರಿ. ಅದಕ್ಕ ಕಾಯೋದು ನಾನ ಕಲಿಸಿಲ್ಲ," ಎಂದವನೇ ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕುಳಿತ.

೪
(ಇಲ್ಲಿ ಅವರಿಬ್ಬರ ನಡುವೆ ಪ್ರೀತಿ ಹುಟ್ಟಿಸಿ ಒಂದು ಪುಟ ಬರೆದಿದ್ದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಇತ್ತು. ಅಂಬಾ ಒಪ್ಪಲಿಲ್ಲ: "ಉಪಕಾರ ಉಪಕಾರಾನ ಇರ್ಲಿ ಬಿಡ್ರಿ. ಅವರಿಗೆ ಹೆಂಡ್ತಿ ಅದಾರ." ಹರಿದು ಹಾಕಿದೆ.)

೫
ಡೆಮೋ ದಿನ ಅಪ್ಪಾಸಾಹೇಬರು ಸಿಡುಕಿದರು. "ಇಷ್ಟೊತ್ತು ಯಾಕ ಸುಮ್ನ ಕೂಡ್ತದ್ರಿ ಇದು? ಜಲ್ದಿ ಮಾಡ್ಸ್ರಿ, ಇಲ್ಲಾಂದ್ರ ನಮಗ ಬ್ಯಾಡ."

ಏಕನಾಥ ಉತ್ತರಿಸುವಷ್ಟರಲ್ಲಿ ಅಂಬಾ ಸ್ಪೀಕರ್ ಫೋನಿನ ಮುಂದೆ ಬಂದು ನಿಂತಳು. ಯಂತ್ರ ಊರು ಕೇಳಿತು. ಅವಳ ಕತ್ತಿನ ನರ ಉಬ್ಬಿತು. ಮಾತಿಲ್ಲ.

"ಬೆಳಗಾವಿ ಅನ್ನಾಕ ಹೊಂಟಾರ..." ಎಂದು ಅಪ್ಪಾಸಾಹೇಬರು ನೆರವಿಗೆ ಬಂದರು. ಅಂಬಾ ಕೈಯೆತ್ತಿ ತಡೆದಳು. ಯಂತ್ರ ಕಾಯುತ್ತಲೇ ಇತ್ತು.

"ತಳೇಗಾಂವ."

"ತಳೇಗಾಂವ ದಾಭಾಡೆ. ಲೈನ್ ಜೋಡಿಸುತ್ತಿದ್ದೇನೆ."

ಆಚೆಯಿಂದ ಗೋದಾಮಿನ ಗುಮಾಸ್ತ, "ಹಲೋ, ಬೋಲಾ!" ಎಂದು ಮರಾಠಿಯಲ್ಲಿ ಮಾತಾಡಲು ಹೇಳಿದ.

ಅಪ್ಪಾಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಂಥವರು ಎಷ್ಟ ಮಂದಿ ನಮಗ ಫೋನ್ ಮಾಡಿ, ಮಾತು ಹೊರಡದ ಕೆಳಗಿಟ್ಟಿರಬೇಕ್ರಿ..." ಎಂದವರು, ಏಕನಾಥನ ಕಡೆ ತಿರುಗಿ, "ಹಿಂಗ ಇರ್ಲಿ," ಎಂದರು.

೬
ಮೊದಲ ಮುಕ್ತಾಯದಲ್ಲಿ ಅಂಬಾಳ ಉಗ್ಗು ಮಾಯವಾಗುತ್ತದೆ. ("ಸುಳ್ಳು ಬರೀಬ್ಯಾಡ್ರಿ," ಎಂದಳು.) ಎರಡನೆಯದರಲ್ಲಿ ಪ್ರಮೋಷನ್. (ಆಗಲಿಲ್ಲ.) ನಡೆದದ್ದು ಇಷ್ಟೇ: ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಏನೋ ಹೇಳಲು ಏಕನಾಥನ ಕಡೆ ತಿರುಗಿದಳು. ಅವನ ಬಸ್ ಬಂತು, ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಅವಳು ಹೇಳಹೊರಟದ್ದು ನನಗೆ ಗೊತ್ತು, ನಿಮಗೂ ಗೊತ್ತು. ಮುಗಿಸಬೇಕಾದವಳು ಮಾತ್ರ ಅವಳು.

ಅಂಬಾ ಉಸಿರೆಳೆದುಕೊಂಡಳು.