ಮಾಲವ್ವನ ಬೋಣಿಗೆ

ಒಂದು ರೊಟ್ಟಿಗೆ ಹದಿನೈದು ರೂಪಾಯಿ. ಎರಡು ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ, ಅನ್ನ, ಸಾರು ಸೇರಿದ ಊಟಕ್ಕೆ ತೊಂಬತ್ತು. ರೊಟ್ಟಿ ಬಡಿಯುವ ಹೊಳೆವ್ವನಿಗೆ ದಿನಗೂಲಿ ಮುನ್ನೂರು. ಅವಳ ಪಕ್ಕದ ಒಲೆಯಲ್ಲಿ ಅಷ್ಟೇ ರೊಟ್ಟಿ ಬಡಿದು, ಪಲ್ಯವನ್ನೂ ಮಾಡಿ, ಕಟ್ಟಿಗೆಯನ್ನೂ ಹೊರುವ ಮಾಲವ್ವನಿಗೆ ಏನೂ ಇಲ್ಲ. ಯಾಕೆಂದರೆ ಮಾಲವ್ವ ಮಾಲೀಕನ ಹೆಂಡತಿ.

"ಮನೀ ಮನಷ್ಯಾಳಿಗೆ ಎಂಥಾ ಪಗಾರಲೇ? ಎರಡ ಹೊತ್ತ ಹೊಟ್ಟಿಗಿ ಹಾಕೂದಿಲ್ಲೇನ? ನಾಯಿ ಸೈತ ಹಾಕಿದ್ದ ತಿಂದ ಸುಮ್ಮ ಬಿದ್ದಿರ್ತೈತಿ."

ಮಹಾಂತಪ್ಪ ಇದನ್ನು ಹೇಳಿದ್ದು ಗಲ್ಲಾದ ಕುರ್ಚಿಯ ಮೇಲಿಂದ, ಊಟಕ್ಕೆ ಕುಳಿತ ಮಿಲ್ಲಿನ ಮಂದಿಗೆಲ್ಲ ಕೇಳುವ ಹಾಗೆ. ಮಾಲವ್ವ ಕೇಳಿದ್ದು ಒಂದು ಚಸ್ಮಾ. ಒಲೆಯ ಹೊಗೆಗೆ ಅವಳ ಕಣ್ಣು ಮಂಜಾಗಿ, ಹಂಚಿನ ಮೇಲಿನ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ವಾಸನೆಯಿಂದ ತಿಳಿಯುವ ಹೊತ್ತು ಬಂದಿತ್ತು. ಚಸ್ಮಾ ಕೊಡಿಸಲು ಬೇಜಾರಾದರೆ ಹೊಳೆವ್ವನಿಗೆ ಕೊಡುವಷ್ಟು ಕೂಲಿ ನನ್ನ ಕೈಗೂ ಕೊಡಿ, ನಾನೇ ತಗೋತೇನೆ ಎಂದಿದ್ದಳು. ಊಟದವರಲ್ಲಿ ಒಬ್ಬ ನಕ್ಕ. ಮಹಾಂತಪ್ಪನಿಗೆ ಹುರುಪು ಬಂತು. ರೊಟ್ಟಿ ಬಡಿಯುವುದೇನು ದೊಡ್ಡ ವಿದ್ಯೆ, ಕೈ ಇದ್ದವರೆಲ್ಲ ಬಡಿಯುತ್ತಾರೆ ಎಂದೂ ಸೇರಿಸಿದ.

ದಾಂಡೇಲಿಯ ಮಿಲ್ಲಿನ ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಇರುವ ಈ ಖಾನಾವಳಿಯ ಬೋರ್ಡಿನ ಮೇಲೆ 'ಮಹಾಂತಪ್ಪ ಆ್ಯಂಡ್ ಸನ್ಸ್' ಎಂದಿದೆ. ಮಹಾಂತಪ್ಪನಿಗೆ ಇರುವುದು ಇಬ್ಬರು ಹೆಣ್ಣುಮಕ್ಕಳು.

ಖಾನಾವಳಿಗೆ ಒಂದು ಶಾಸ್ತ್ರವಿತ್ತು. ದಿನದ ಮೊದಲ ವ್ಯಾಪಾರದ ದುಡ್ಡು, ಅಂದರೆ ಬೋಣಿಗೆ, ಯಾರು ಹಿಡಿಯುತ್ತಾರೋ ಅವರು ಸಂಜೆ ದೀಪ ಹಚ್ಚುವ ತನಕ ಗಲ್ಲಾ ಬಿಟ್ಟು ಬೇರೆ ಕೆಲಸಕ್ಕೆ ಕೈ ಹಾಕಬಾರದು. ಹಾಕಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಅಂಗಡಿಯ ಪೂಜೆ ಮಾಡಿಸಿದ ಅಡಿವೆಯ್ಯನವರು ಆ ದಿನ ಹೇಳಿದ ಮಾತು. ಹೇಳಿದ್ದಕ್ಕೆ ಅವರಿಗೆ ಅಂದಿನಿಂದ ಊಟ ಪುಕ್ಕಟೆ. ಮಹಾಂತಪ್ಪನಿಗಂತೂ ಬಾಯಿಗೆ ಸಕ್ಕರೆ ಬಿದ್ದಂತಾಗಿತ್ತು. ಕಟ್ಟಿಗೆಯ ಗಾಡಿ ಬಂದರೂ, ನೀರಿನ ಟಾಕಿ ಒಡೆದರೂ, "ಬೋಣಿಗಿ ನನ್ನ ಕೈಲೆ ಆಗೇತಿ" ಎಂದು ಕುರ್ಚಿಯಲ್ಲೇ ಮೈ ಮುರಿಯುತ್ತಿದ್ದ.

ಹೀಗಿರುವಾಗ ಬ್ಯಾಂಕಿನಿಂದ ಫೋನು ಬಂತು. ಹೆಂಗಸರ ಹೆಸರಿಗೆ ಬಡ್ಡಿ ಕಡಿಮೆ ಎಂದು ಮಹಾಂತಪ್ಪ ಸಾಲವನ್ನು ಮಾಲವ್ವನ ಹೆಸರಿನಲ್ಲಿ ಎತ್ತಿದ್ದ. ವ್ಯವಹಾರವನ್ನು ನಿಜವಾಗಿ ಹೆಣ್ಣುಮಗಳೇ ನಡೆಸುತ್ತಾಳೋ ಎಂದು ನೋಡಲು ಬ್ಯಾಂಕಿನ ರೀನಾ ಮೇಡಂ ಬರುತ್ತಾರಂತೆ. ಇಲ್ಲವೆಂದು ಕಂಡರೆ ಪೂರ್ತಿ ಬಡ್ಡಿ ಬೀಳುತ್ತದಂತೆ.

ಮಹಾಂತಪ್ಪನಿಗೆ ನಿದ್ದೆ ಬರಲಿಲ್ಲ. ಬೆಳಗಾಗುವುದರೊಳಗೆ ಮಾಲವ್ವನಿಗೆ ಇಳಕಲ್ ಸೀರೆ ಉಡಿಸಿ, ಗಲ್ಲಾದ ಮುಂದೆ ಕೂರಿಸಿ, ಯಾವುದಕ್ಕೂ 'ಹೌದರಿ' ಅನ್ನಬೇಕು, ಆಕೆ ಹೋದ ಕೂಡಲೇ ಒಳಗೆ ಓಡಬೇಕು ಎಂದು ತಾಕೀತು ಮಾಡಿದ. ತಾನು ರಸ್ತೆಗೆ ಹೋಗಿ ಮೇಡಮ್ಮಿನ ದಾರಿ ಕಾಯುತ್ತಾ ನಿಂತ.

ಅಷ್ಟರಲ್ಲಿ ಪ್ರವಾಸಿಗರನ್ನು ಹೊಳೆಗೆ ಕರೆದೊಯ್ಯುವ ಜೀಪಿನ ಡ್ರೈವರ್ ಬಾಲು ನಾಲ್ಕು ರೊಟ್ಟಿ ಕಟ್ಟಿಸಿಕೊಂಡು ನೋಟು ಚಾಚಿದ. ಮಾಲವ್ವ ನೋಟನ್ನು ಕಣ್ಣಿಗೊತ್ತಿಕೊಂಡಳು, ಗಲ್ಲಾಕ್ಕೆ ಸುತ್ತು ಹಾಕಿಸಿದಳು, ಒಳಗೆ ಇಟ್ಟಳು. ತಿಳಿಯದೆ ಮಾಡಿದೆ ಎಂದು ಅವಳು ಹೇಳುತ್ತಾಳೆ. ಹಾಗೆ ಹೇಳುವಾಗೆಲ್ಲ ಹೊಳೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಮೇಡಂ ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಆಕೆ ಕೇಳಿದ್ದಕ್ಕೆಲ್ಲ ಪಕ್ಕದಲ್ಲಿ ನಿಂತ ಮಹಾಂತಪ್ಪನೇ ಉತ್ತರ ಕೊಡತೊಡಗಿದ. ಮೂರನೆಯ ಪ್ರಶ್ನೆಗೆ ಆಕೆಗೆ ಸಾಕಾಯಿತು.

"ನಾನು ಅವರನ್ನ ಕೇಳ್ತಾ ಇದ್ದೇನೆ. ಅಮ್ಮಾ, ಇವರು ಯಾರು?"

"ನಮ್ಮ ಮನ್ಯಾರ್ರಿ."

"ಇಲ್ಲಿ ಏನು ಕೆಲಸ ಇವರದು?"

ಮಾಲವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಕೆಲಸ ಏನಿಲ್ರಿ, ಹಿಂಗ ಅತ್ತಾಗ ಇತ್ತಾಗ ಓಡ್ಯಾಡ್ಕೊಂಡ ಇರ್ತಾರ. ಪಗಾರ ಕೊಡಾಂಗಿಲ್ರಿ, ಮನೀ ಮನಷ್ಯಾರಲ್ಲ. ಎರಡ ಹೊತ್ತ ಹೊಟ್ಟಿಗಿ ಹಾಕ್ತೇವಿ."

ಅಂದು ನಕ್ಕಿದ್ದ ಮಿಲ್ಲಿನವನು ಇಂದೂ ಅಲ್ಲೇ ಇದ್ದ. ಅವನಿಗೆ ಸಾರು ನೆತ್ತಿಗೇರಿತು. ಮೇಡಂ ಮಹಾಂತಪ್ಪನ ಕಡೆ ಮರುಕದಿಂದ ನೋಡಿ, ಹೆಂಡತಿಗೆ ಆಸರೆಯಾಗಿ ಇರುವುದೂ ದೊಡ್ಡದೇ ಎಂದರು. ಊಟ ಮಾಡಿಯೇ ಹೋಗುತ್ತೇನೆ ಎಂದು ಕುಳಿತೂ ಬಿಟ್ಟರು.

ಅದೇ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿತು. ಶಿಫ್ಟ್ ಬಿಟ್ಟ ಮಂದಿ ಬಾಗಿಲು ತುಂಬಿಕೊಂಡರು. ಒಳಗೆ ಹೊಳೆವ್ವ ಒಬ್ಬಳೇ. ಮಹಾಂತಪ್ಪ ಗಲ್ಲಾದ ಮೇಲೆ ಬಾಗಿ ಪಿಸುಗುಟ್ಟಿದ: "ಏಳ ಒಳಗ, ಹಡಬಿಟ್ಟಿ. ಮಂದಿ ಬಂತು."

"ಬೋಣಿಗಿ ನನ್ನ ಕೈಲೆ ಆಗೇತ್ರಿ. ದೀಪಾ ಹಚ್ಚೂ ಮಟಾ ಬ್ಯಾರೆ ಕೆಲಸ ಮುಟ್ಟಾಂಗಿಲ್ಲ."

ಮಹಾಂತಪ್ಪನ ಮುಖ ನಾದದೆ ಬಿಟ್ಟ ಹಿಟ್ಟಿನಂತಾಯಿತು. ಮೂಲೆಯಲ್ಲಿ ಝುಣಕದಲ್ಲಿ ಬೆರಳಾಡಿಸುತ್ತಿದ್ದ ಅಡಿವೆಯ್ಯನವರ ಹತ್ತಿರ ಓಡಿದ. ಶಾಸ್ತ್ರ ಸುಳ್ಳೆಂದರೆ ತಟ್ಟೆಗೆ ಕುತ್ತು, ನಿಜವೆಂದರೆ ರೊಟ್ಟಿಯೇ ಬರುವುದಿಲ್ಲ. ಅಯ್ಯನವರು ಬಹಳ ಹೊತ್ತು ಅಗಿದರು.

"ಈ ಶಾಸ್ತ್ರ ಹೆಣ್ಮಕ್ಕಳಿಗೆ ಹತ್ತೂದಿಲ್ಲ, ತಂಗಿ."

"ಮತ್ತ ಲಕ್ಷ್ಮಿ ಗಂಡಸೇನ್ರಿ ಅಯ್ಯಾರ?"

ಇಡೀ ಖಾನಾವಳಿ ನಕ್ಕಿತು, ಮೇಡಂ ಸಹಿತ. ಇವತ್ತೊಂದು ದಿನ ಕುಂಡ್ರಲಿ ಬಿಡಪಾ ಎಂದು ಅಯ್ಯನವರು ತಟ್ಟೆಯಲ್ಲೇ ಕೈ ತೊಳೆದರು.

ಮಹಾಂತಪ್ಪ ಒಳಗೆ ಹೋದ. ಬೇರೆ ದಾರಿ ಇರಲಿಲ್ಲ. ಹಿಟ್ಟು ಅವನ ಕೈಗೆ ಅಂಟಿತು, ಬಡಿದರೆ ಬಿರಿಯಿತು, ಎತ್ತಿದರೆ ಹರಿಯಿತು. ಹಂಚಿಗೆ ಬೆರಳು ತಾಗಿ ಅಪ್ಪನನ್ನು ನೆನೆದ.

"ಬಡೀರಿ ಸಾವ್ಕಾರ್ರ," ಎಂದಳು ಹೊಳೆವ್ವ, ತನ್ನ ರೊಟ್ಟಿಯನ್ನು ತಿರುವುತ್ತಾ. "ಕೈ ಇದ್ದಾವ್ರೆಲ್ಲಾ ಬಡೀತಾರಂತ."

"ಬಾಯಿ ಮುಚ್ಚಲೇ ರಂಡಿ."

"ಬಾಯಿ ಮುಚ್ಚತೇನ್ರಿ. ನೀವು ರೊಟ್ಟಿ ತೂತ ಮುಚ್ಚರಿ."

ಹೊರಗೆ ಆ ರೊಟ್ಟಿಗಳನ್ನು ಎತ್ತಿ ಹಿಡಿದು ಒಬ್ಬ ಇದು ಗೋವಾದ ನಕಾಶೆ ಎಂದ; ಇನ್ನೊಬ್ಬ ಅಲ್ಲ, ಬೆಳಗಾವಿ ಜಿಲ್ಲೆ ಎಂದ. ಮಾಲವ್ವ ಅಂಥ ರೊಟ್ಟಿಗೆ ದುಡ್ಡು ಹಿಡಿಯಲಿಲ್ಲ.

ದೀಪ ಹಚ್ಚಿದ ಮೇಲೆ ಅವಳು ಗಲ್ಲಾದಿಂದ ಮುನ್ನೂರು ತೆಗೆದು ಹೊಳೆವ್ವನ ಕೈಗಿಟ್ಟಳು. ಇನ್ನು ಮುನ್ನೂರು ತೆಗೆದು ತನ್ನ ಸೆರಗಿನ ಗಂಟಿಗೆ ಕಟ್ಟಿದಳು. ಮಹಾಂತಪ್ಪ ಕೈ ಎತ್ತಿಕೊಂಡು ಬಂದ. ಹಿಂದೆಯೂ ಎಷ್ಟೋ ಸಲ ಎತ್ತಿದ್ದ, ಬೀಳಿಸಿಯೂ ಇದ್ದ. ಈ ಸಲ ಬೆರಳ ತುಂಬ ಬೊಬ್ಬೆ. ಮನೆಗೆ ಹೊರಟಿದ್ದ ಹೊಳೆವ್ವ ತಿರುಗಿ ಬಂದು ಮಾಲವ್ವನ ಪಕ್ಕ ನಿಂತಳು. ಕೈಯಲ್ಲಿ ಒಲೆಯಿಂದ ಇಕ್ಕಳದಲ್ಲಿ ಎತ್ತಿ ತಂದ, ಇನ್ನೂ ಬಿಸಿಯಿದ್ದ ಹಂಚು.

"ನಾಳೆ ನೋಡ್ಕೋತೇನಿ," ಎಂದ ಮಹಾಂತಪ್ಪ.

ಮರುದಿನ ಅವನು ಕೋಳಿ ಕೂಗುವ ಮೊದಲೇ ಎದ್ದು ಬಂದ. ಆದರೆ ಮದುವೆಯಾದಂದಿನಿಂದ ಮಾಲವ್ವ ಅವನಿಗಿಂತ ಮೊದಲೇ ಏಳುವವಳು. ಅವಳು ಆಗಲೇ ಕುರ್ಚಿಯಲ್ಲಿದ್ದಳು. ಎದುರಿಗೆ ಹೊಳೆವ್ವ ತಾನೇ ಬಡಿದ ರೊಟ್ಟಿಯನ್ನು ಹದಿನೈದು ರೂಪಾಯಿ ಕೊಟ್ಟು ಕೊಂಡು, ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುತ್ತಿದ್ದಳು.

"ಬೋಣಿಗಿ ಆತ್ರಿ," ಎಂದಳು ಮಾಲವ್ವ.

ಅಂದಿನಿಂದ ಬೋಣಿಗೆ ದಿನವೂ ಮಾಲವ್ವನದೇ. ಎರಡನೆಯ ಒಲೆಗೆ ಈಗ ಸಾಂಬ್ರಾಣಿ ಎಂಬ ಊರಿನಿಂದ ಹೊಳೆವ್ವನ ತಂಗಿ ಬರುತ್ತಾಳೆ, ಅವಳಿಗೂ ಮುನ್ನೂರು. ಕಟ್ಟಿಗೆ ಮಹಾಂತಪ್ಪ ಹೊರುತ್ತಾನೆ. ಅಡಿವೆಯ್ಯನವರು ತೊಂಬತ್ತು ಕೊಟ್ಟು ಉಣ್ಣಬೇಕಾದ್ದರಿಂದ ಬರುವುದನ್ನು ಬಿಟ್ಟಿದ್ದಾರೆ. ಗಂಡ ಹೆಂಡತಿಯೊಡನೆ ಮಾತು ಬಿಟ್ಟಿದ್ದಾನೆ; ರಾತ್ರಿ ಖಾನಾವಳಿಯ ಬೆಂಚಿನ ಮೇಲೆ ಮಲಗುತ್ತಾನೆ. ತವರಿನವರೂ ಅವಳನ್ನು ಹಬ್ಬಕ್ಕೆ ಕರೆಯಲಿಲ್ಲ. ಮಾಲವ್ವನಿಗೆ ಚಸ್ಮಾ ಬಂತು.

ಅದನ್ನು ಹಾಕಿಕೊಂಡು ಅವಳು ಮೊದಲು ನೋಡಿದ್ದು ಬೋರ್ಡು. ಹೆಸರು ಬದಲಿಸಲು ಪೇಂಟರ್ ಎರಡು ಸಾವಿರ ಕೇಳಿದ. ಮಾಲವ್ವ ಬೇಡವೆಂದು ಕಳಿಸಿ, ಆ ದುಡ್ಡಿಗೆ ಜೋಳ ತರಿಸಿದಳು.