ಕೊನೆಯ ದಿಬ್ಬದ ಗೂಡು

ನನ್ನ ತಂಗಿಯ ಕೈಗುಣವನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹನ್ನೊಂದು ವರ್ಷ ಈ ನದಿಯ ಮರಳಿನಲ್ಲಿ ಮಂಡಿಯೂರಿ ಆಮೆ ಮೊಟ್ಟೆ ಹುಡುಕಿದವಳು ನಾನು. ಅವಳು ನಿನ್ನೆ ಮೊನ್ನೆ ಬಂದವಳು. ಆಮೆ ಯೋಜನೆಯ ಸಾಹೇಬರ ಕೈಕಾಲು ಹಿಡಿದು ಅವಳನ್ನು ಕೆಲಸಕ್ಕೆ ಸೇರಿಸಿದವಳೂ ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ಅಣೆಕಟ್ಟು ಕಟ್ಟಿ ಮುಗಿದಿತ್ತು. ಗೇಟು ಹಾಕಿದರೆ ಮರಳದಿಬ್ಬಗಳೆಲ್ಲ ಮುಳುಗುತ್ತವೆ, ಈ ಜಾತಿಯ ಆಮೆ ಬೇರೆಲ್ಲೂ ಮೊಟ್ಟೆಯಿಡುವುದಿಲ್ಲ. ಉಳಿದಿದ್ದ ಹೆಣ್ಣಾಮೆಗಳು ಆರೋ ಏಳೋ. ಮೊಟ್ಟೆಗಳನ್ನು ತೆಗೆದು, ಹಳೆಯ ಸಿಮೆಂಟ್ ಉಗ್ರಾಣದಲ್ಲಿ ಮರಳು ತುಂಬಿಟ್ಟ ತೊಟ್ಟಿಗಳಿಗೆ ಸಾಗಿಸುವುದು ನಮ್ಮ ಕೆಲಸ. ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್ ಗುರುತು ಹಾಕಿ, ಗುರುತು ಮೇಲೇ ಇರುವಂತೆ ಎತ್ತಬೇಕು. ಹೊರಳಿದರೆ ಒಳಗಿನ ಮರಿ ಸಾಯುತ್ತದೆ. ಗೂಡು ಕಂಡವರು ಅಲ್ಲಿ ಕೆಂಪು ಬಟ್ಟೆಯ ಕೋಲು ನೆಟ್ಟು, ಪುಸ್ತಕದಲ್ಲಿ ತಮ್ಮ ಹೆಸರು ಬರೆಯಬೇಕು.

ಆ ವರ್ಷ ಸಿಕ್ಕಿದ್ದು ಐದು ಗೂಡು. ಐದರ ಮುಂದೆಯೂ ತಂಗಿಯ ಹೆಸರು.

"ಇವಳಿಗೆ ಪಾದದಲ್ಲೂ ಕಣ್ಣಿದೆ ಕಣ್ರೀ," ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, "ನೀವು ತೊಟ್ಟಿ ಚೆನ್ನಾಗಿ ತೊಳೀತೀರಿ ಬಿಡಿ," ಎಂದರು.

ವಾರವಿಡೀ ಆ ಮಾತು ನನ್ನನ್ನು ಚುಚ್ಚಿತು.

ಶುಕ್ರವಾರ ಗೇಟು ಹಾಕುವುದೆಂದು ತೀರ್ಮಾನವಾಗಿತ್ತು. ಸೋಮವಾರ ಬೆಳಿಗ್ಗೆ ಕೊನೆಯ ದಿಬ್ಬದಲ್ಲಿ ನನಗೆ ಹೊಸ ಜಾಡು ಕಂಡಿತು. ನೀರಿನಿಂದ ಮೇಲೇರಿ ವಾಪಸು ಇಳಿದ ಅಗಲವಾದ ಜಾಡು. ಮರಳಿಗೆ ಬೆರಳು ಇಳಿಸಿದೆ, ಮೊಟ್ಟೆ ತಾಕಿತು. ಕುಣಿದಾಡುವಷ್ಟು ಖುಷಿಯಾಯಿತು. ಆಗಲೇ ಕೋಲು ನೆಡಬೇಕಿತ್ತು. ಆದರೆ ಗುರುವಾರ ಸಾಹೇಬರು ಪತ್ರಿಕೆಯವರನ್ನು ಕರೆತರುವವರಿದ್ದರು. ಅಷ್ಟು ಜನರ ಕಣ್ಣೆದುರು ನಾನೇ ತೆಗೆದರೆ? ಅಲ್ಲಿಯವರೆಗೆ ತಂಗಿಯ ಕಣ್ಣಿಗೆ ಬೀಳಬಾರದಷ್ಟೆ. ಟವೆಲ್ಲಿನಿಂದ ಜಾಡನ್ನೆಲ್ಲ ಅಳಿಸಿ ಮರಳು ಸಮ ಮಾಡಿದೆ.

ಮರುದಿನ ತಂಗಿ ಆ ದಿಬ್ಬವನ್ನೆಲ್ಲ ಸುತ್ತಿ ಬಂದಳು. "ಅಲ್ಲೇನೂ ಇಲ್ಲ ಕಣಕ್ಕಾ," ಎನ್ನುತ್ತಾ ಪುಸ್ತಕದಲ್ಲಿ 'ಗೂಡಿಲ್ಲ' ಎಂದು ಬರೆದು ಸಹಿ ಹಾಕಿದಳು. ಪಾದದ ಕಣ್ಣಿಗೆ ಪೊರೆ ಬಂತೇನೋ ಎಂದು ನಾನು ಒಳಗೊಳಗೇ ನಕ್ಕೆ.

ಬುಧವಾರ ಮಧ್ಯಾಹ್ನ ಅಣೆಕಟ್ಟಿನ ಎಂಜಿನಿಯರ್ ಫೋನ್ ಮಾಡಿದರು. "ಮೇಲ್ಗಡೆ ಜೋರು ಮಳೆ. ನಿನ್ನೆ ನಿಮ್ಮ ಸಾಹೇಬರು ಕಳಿಸಿದ ಪುಸ್ತಕದಲ್ಲಿ ಎಲ್ಲಾ ದಿಬ್ಬ ಖಾಲಿ ಅಂತಿತ್ತಲ್ಲ, ಅದಕ್ಕೇ ಕಾಯ್ಲಿಲ್ಲ. ಬೆಳಿಗ್ಗೇನೇ ಗೇಟು ಹಾಕ್ಬಿಟ್ವಿ."

ನಾನು ದೋಣಿಗೆ ಓಡಿದೆ. ಏನು ಎತ್ತ ಎಂದು ತಿಳಿಯದೆ ತಂಗಿಯೂ ಹಿಂದೆಯೇ ಬಂದು ಹತ್ತಿದಳು. ದಿಬ್ಬದ ಮೇಲೆ ಆಗಲೇ ಸೊಂಟದಷ್ಟು ನೀರು. ಧುಮುಕಿ ಕೈಯಾಡಿಸಿದೆ. ಮರಳು ಕೊಚ್ಚಿ ಹೋಗಿತ್ತು. ಮೊಟ್ಟೆಗಳು ಹರಿವಿಗೆ ಸಿಕ್ಕಿ ತಳದಲ್ಲಿ ಉರುಳಾಡುತ್ತಿದ್ದವು. ಹದಿನಾಲ್ಕು ಸಿಕ್ಕಿದವು. ಯಾವುದರ ನೆತ್ತಿ ಯಾವುದೆಂದು ಯಾರಿಗೆ ಗೊತ್ತು?

ತಂಗಿ ಅವುಗಳನ್ನೇ ನೋಡಿದಳು. "ಇಲ್ಲಿ ಗೂಡಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತಕ್ಕಾ?"

"ಯಾಕೋ ಅನುಮಾನ ಬಂತು," ಎಂದೆ.

"ಅನುಭವ ಅಂದ್ರೆ ಇದೇ ನೋಡು. ಎಲ್ರೂ ನನ್ನ ಹೊಗಳ್ತಾರೆ, ನಿನ್ನ ಕಾಲ ಧೂಳಿಗೂ ನಾನು ಸಮ ಇಲ್ಲ. ಕಣ್ಣಿದ್ದೂ ಕುರುಡಿಯಾದೆ. ನಾನು ಸಹಿ ಹಾಕಿದ್ದಕ್ಕೇ ತಾನೆ ಅವರು ಗೇಟು ಹಾಕಿದ್ದು? ನಾನೇ ಕೊಂದೆ ಅಕ್ಕಾ."

ಇಷ್ಟು ವರ್ಷ ನಾನು ಬಾಯಿ ಬಿಟ್ಟುಕೊಂಡು ಕಾದಿದ್ದ ಹೊಗಳಿಕೆ ಅದು. ಅಲ್ಲ ಕಣೇ, ಜಾಡು ಅಳಿಸಿದ್ದು ನಾನು ಎನ್ನಬೇಕಿತ್ತು. ಮೊಟ್ಟೆಗಳನ್ನು ಅದೇ ಟವೆಲ್ಲಿನಲ್ಲಿ ಸುತ್ತಿಟ್ಟೆ.

ಅವಳು ದೋಣಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳು ಬರಲಿಲ್ಲ. ಇವಳು ಎಷ್ಟು ಸಲೀಸಾಗಿ ಅಳುತ್ತಿದ್ದಾಳಲ್ಲ ಎಂದು, ಆ ಗಳಿಗೆಯಲ್ಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.