ಹುಟ್ಟಿನಿಂದಲೇ ಬಾರದ ಎರಡು ಹಲ್ಲು

ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದವರು ಗೋವಿನಕೋವಿಯ ಹೊಳೆದಂಡೆಯ ದಿಬ್ಬವನ್ನು ಅಗೆಯಲು ಬಂದರು. ಅಂಜಿನಮ್ಮನಿಗೆ ಅಲ್ಲಿ ಮಣ್ಣು ಜರಡಿ ಹಿಡಿಯುವ ಕೆಲಸ ಸಿಕ್ಕಿತು. ಜರಡಿಯಲ್ಲಿ ಉಳಿದ ಮಡಕೆ ಚೂರು, ಮಣಿ, ಸುಟ್ಟು ಕರಿಯಾದ ಹುರುಳಿಕಾಳುಗಳನ್ನು ಅವಳು ಆರಿಸಿ ಬೇರೆ ಬೇರೆ ಕಾಗದದ ಮೇಲೆ ಇಡಬೇಕಿತ್ತು. ಅವಳ ಕಣ್ಣು ಚುರುಕು. ಮಾತು ಮಾತ್ರ ಕಮ್ಮಿ.

ಮಾತು ಕಮ್ಮಿಯಾಗಲು ಕಾರಣ ಅವಳ ಹಲ್ಲು. ಮೇಲಿನ ಎರಡು ಮುಂಬಲ್ಲುಗಳ ಆಚೆ ಈಚೆ ಇರಬೇಕಾದ ಹಲ್ಲುಗಳು ಅವಳಿಗೆ ಹುಟ್ಟಿರಲೇ ಇಲ್ಲ. ಈಗ ಒಂಬತ್ತು ವರ್ಷದ ಮಗಳು ಕಸ್ತೂರಿಗೂ ಹಾಲುಹಲ್ಲು ಬಿದ್ದ ಜಾಗ ಖಾಲಿಯಾಗಿಯೇ ಇತ್ತು. ಊರಲ್ಲಿ ಇದಕ್ಕೊಂದು ವಿವರಣೆ ಇತ್ತು. ಅಂಜಿನಮ್ಮ ಹೊಟ್ಟೆಯಲ್ಲಿದ್ದಾಗ ಅವಳ ತಾಯಿ ಚೌಡಮ್ಮ ಗ್ರಹಣದ ದಿನ ಈಳಿಗೆಮಣೆಯಲ್ಲಿ ಹಾಗಲಕಾಯಿ ಹೆಚ್ಚಿದ್ದಳಂತೆ. ಅದೇ ದೋಷ ಮೊಮ್ಮಗಳವರೆಗೂ ಹರಿದಿದೆ ಎನ್ನುತ್ತಿದ್ದರು. ಚೌಡಮ್ಮ ಅದನ್ನು ನಂಬಿದ್ದಳು. ಮಗಳಿಗಾಗಿ ಮಂಗಳವಾರ ಹಗಲೆಲ್ಲ ಉಪವಾಸವಿದ್ದು ರಾತ್ರಿ ಮಾತ್ರ ಉಣ್ಣುವ ಒಪ್ಪತ್ತು ಮಾಡುತ್ತಿದ್ದವಳು ಮೊಮ್ಮಗಳಿಗೂ ಹಲ್ಲು ಬಾರದಾಗ ಶುಕ್ರವಾರವನ್ನೂ ಸೇರಿಸಿಕೊಂಡಿದ್ದಳು.

ಕೆಲಸ ಶುರುವಾದ ಮೂರನೇ ವಾರ ಒಂದು ಗುಂಡಿಯಲ್ಲಿ ಮನುಷ್ಯರ ಅಸ್ಥಿಪಂಜರ ಕಂಡಿತು. ತಲೆಯ ಬಳಿ ಎರಡು ಕರಿ ಬಟ್ಟಲು. ಎಲುಬಿನ ವಿಷಯ ಓದಿಕೊಂಡ ಸರ್ವಮಂಗಳಮ್ಮ ಎಂಬ ಮೇಡಂ ಸೊಂಟದ ಎಲುಬು ನೋಡಿ ಇದು ಹೆಂಗಸಿನದು ಎಂದಿದ್ದರು; ಈಗ ಮೊಣಕಾಲೂರಿ ಕೂತು ಬ್ರಷ್ಷಿನಿಂದ ಮಣ್ಣು ಸರಿಸುತ್ತಿದ್ದರು. ಬಿಸಿಲು ಬೀಳದಂತೆ ಕೊಡೆ ಹಿಡಿಯಲು ಅಂಜಿನಮ್ಮನನ್ನು ಕರೆದಿದ್ದರು. ಮೇಲಿನ ದವಡೆ ಪೂರ್ತಿ ಬಿಡಿಸಿಕೊಂಡಾಗ ಅಂಜಿನಮ್ಮನ ಕೈಯ ಕೊಡೆ ವಾಲಿತು.

"ಅಕ್ಕೋರೆ, ಈಕೆಗೂ ಇಲ್ಲ," ಎಂದಳು.

"ಏನಿಲ್ಲ?"

"ಆ ಎರಡು ಹಲ್ಲು."

"ಮಣ್ಣಲ್ಲಿ ಕಳಚಿ ಬಿದ್ದಿರಬೇಕು. ಜರಡೀಲಿ ಸಿಗ್ತಾವೆ ಬಿಡು."

"ಬಿದ್ದಿಲ್ಲ ಕಣ್ರಿ. ಬಂದೇ ಇಲ್ಲ. ನನಗೆ ಗೊತ್ತಾಗ್ತೈತೆ." ಅಂಜಿನಮ್ಮ ಬಗ್ಗಿ ತನ್ನ ಬಾಯಿ ತೆರೆದು ತೋರಿಸಿದಳು. ಗಂಡನ ಮುಂದೆಯೂ ಅವಳು ಹಾಗೆ ತೋರಿಸಿದವಳಲ್ಲ.

ಮೇಡಂ ಅವಳ ಬಾಯಿ ನೋಡಿದರು, ದವಡೆ ನೋಡಿದರು, ಭೂತಗನ್ನಡಿ ತರಿಸಿ ಮತ್ತೆ ನೋಡಿದರು. ಹಲ್ಲು ಬಿದ್ದಿದ್ದರೆ ಎಲುಬಿನಲ್ಲಿ ಬೇರಿನ ಕುಳಿ ಇರಬೇಕು, ಇಲ್ಲವೇ ಕುಳಿ ಮುಚ್ಚಿಕೊಂಡ ಗುರುತಾದರೂ ಇರಬೇಕು. ಇಲ್ಲಿ ಎರಡು ಕಡೆಯೂ ಎಲುಬು ನುಣ್ಣಗಿತ್ತು. ಆದರೂ ಅವರು ಅವಸರಪಡಲಿಲ್ಲ. ಆ ದವಡೆಯನ್ನು ಹತ್ತಿಯಲ್ಲಿ ಸುತ್ತಿ ದಾವಣಗೆರೆಗೆ ಒಯ್ದು ಎಕ್ಸ್‌ರೇ ತೆಗೆಸಿಕೊಂಡು ಬಂದರು. ಬಂದವರೇ ಜರಡಿಯ ಹತ್ತಿರ ಹೋಗಿ ಅಂಜಿನಮ್ಮನ ಪಕ್ಕ ನೆಲದ ಮೇಲೆ ಕೂತರು.

"ನೀನು ಹೇಳಿದ್ದೇ ಸರಿ. ಒಳಗೂ ಹಲ್ಲಿನ ಮೊಳಕೆ ಇಲ್ಲ. ಇದು ಸಾಮಾನ್ಯವಾಗಿ ವಂಶದಲ್ಲಿ ಬರೋದು. ತಾಯಿಯಿಂದಾನೋ ತಂದೆಯಿಂದಾನೋ ಮಕ್ಕಳಿಗೆ ಇಳಿಯುತ್ತೆ, ಕಣ್ಣಿನ ಬಣ್ಣ ಇಳಿದ ಹಾಗೆ."

"ಗ್ರಹಣದಾಗೆ ಕಾಯಿ ಹೆಚ್ಚಿದ್ರೆ?"

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

ಅಂಜಿನಮ್ಮ ಜರಡಿಯನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು, "ಹಂಗಾದ್ರೆ ಈಕೆ ನಮ್ಮ ಪೈಕಿಯೇನ್ರಿ?"

"ಹಾಗಂತ ಹೇಳೋಕೆ ಬರಲ್ಲ. ಮೂರು ಸಾವಿರ ವರ್ಷದ ಮಾತು. ಬೇರೆ ಬೇರೆ ಮನೆತನದಲ್ಲೂ ಹೀಗಾಗುತ್ತೆ. ಆಗಿರಬಾರದು ಅಂತಲೂ ಇಲ್ಲ." ಮೇಡಂ ಆಕೆಯ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿದರು. ಐವತ್ತು ವರ್ಷದ ಹತ್ತಿರ ಬದುಕಿದ್ದಳು. ಅರೆಯುವ ಕಲ್ಲಿನ ಪುಡಿ ಬೆರೆತ ಕಾಳು ತಿಂದು ದವಡೆಹಲ್ಲು ಸವೆದಿದ್ದವು. ತಲೆಹೊರೆ ಹೊತ್ತು ಕತ್ತಿನ ಎಲುಬು ಒತ್ತಿಹೋಗಿತ್ತು. ಸತ್ತಾಗ ಯಾರೋ ಆಕೆಯನ್ನು ಮಗ್ಗುಲಾಗಿ ಮಲಗಿಸಿ, ಊಟದ ಬಟ್ಟಲು ಇಟ್ಟು ಕಳಿಸಿದ್ದರು.

ಭಾನುವಾರ ಕೆಲಸಕ್ಕೆ ರಜೆ. ಅಂಜಿನಮ್ಮ ಹೊನ್ನಾಳಿಗೆ ಹೋಗಿ ಬಸ್ಸು ಬದಲಿಸಿ ಬಸವಾಪಟ್ಟಣದ ತವರಿಗೆ ಬಂದಳು. ಚೌಡಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಮಗಳು ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನನ್ನ ಹಲ್ಲೆಲ್ಲ ನೆಟ್ಟಗೆ ಅದಾವಲ್ಲೇ. ನನ್ನಿಂದ ಹೆಂಗೆ ಬರ್ತದೆ?"

"ಅಪ್ಪನಿಂದಲೂ ಬರ್ತದಂತೆ."

ಆಗ ಚೌಡಮ್ಮನ ಕೈ ನಿಂತಿತು. ಗಂಡ ತೀರಿ ಹನ್ನೆರಡು ವರ್ಷವಾಗಿತ್ತು. ತುಟಿ ಮುಚ್ಚುವಷ್ಟು ಮೀಸೆ ಬಿಟ್ಟಿದ್ದ ಮನುಷ್ಯ.

"ನಿಮ್ಮಪ್ಪಂಗೂ ಆ ಎರಡು ಹಲ್ಲು ಇರಲಿಲ್ಲ," ಎಂದಳು ಮೆಲ್ಲಗೆ. "ಸಣ್ಣವನಿದ್ದಾಗ ಎತ್ತು ಹಾಯ್ದು ಬಿದ್ವು ಅಂದಿದ್ದ. ನಾನೂ ನಂಬಿದ್ದೆ. ಎತ್ತು ಹಾಯ್ದರೆ ನಡುವಿನವು ಉಳೀತಾವೇನೇ?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಚೌಡಮ್ಮ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಕೈಯಲ್ಲಿ ಒರೆಸಿಕೊಳ್ಳಲು ಹೋದವಳನ್ನು ಅಂಜಿನಮ್ಮ ತಡೆದಳು.

"ಹೇಳಿಕಂಡಿದ್ರೆ ನಾನೇನು ಬಿಟ್ಟು ಹೋಗ್ತಿದ್ನಾ? ನಾಚಿಕಿ ಪಡ್ತಿದ್ದ ಪಾಪ." ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ಆ ಹಿರಿಯಮ್ಮನ್ನ ಇನ್ನೂ ಅಲ್ಲೇ ಇಟ್ಟಾರಾ? ನನಗೊಂದು ಸಲ ತೋರಿಸ್ತಾರಾ ಕೇಳು."

ಮಂಗಳವಾರ ಚೌಡಮ್ಮ ಗೋವಿನಕೋವಿಗೆ ಬಂದು, ರಜೆಯಲ್ಲಿದ್ದ ಕಸ್ತೂರಿಯನ್ನೂ ಕರೆದುಕೊಂಡು ದಿಬ್ಬಕ್ಕೆ ಹೋದಳು. ಎಲುಬುಗಳನ್ನು ಆಗಲೇ ಮರದ ಪೆಟ್ಟಿಗೆಗೆ ತುಂಬಿದ್ದರು. ಮೇಡಂ ಮುಚ್ಚಳ ತೆಗೆದು ಹತ್ತಿ ಸರಿಸಿದರು. ಚೌಡಮ್ಮ ಚಪ್ಪಲಿ ದೂರ ಬಿಟ್ಟು ಬಂದು ಆ ದವಡೆಯನ್ನು ಬಹಳ ಹೊತ್ತು ನೋಡಿದಳು. "ಮೂವತ್ತು ವರ್ಷದಿಂದ ಹೊತ್ತಿದ್ದೆ ತಾಯಿ. ಇಳಿಸಿದೆ," ಎಂದು ಪೆಟ್ಟಿಗೆಗೆ ಕೈ ಮುಗಿದಳು. ಮೇಡಮ್ಮಿಗೂ ಮುಗಿಯಲು ಹೋದಾಗ ಅವರು ಅವಳ ಕೈ ಹಿಡಿದುಕೊಂಡರು.

"ಕಂಡುಹಿಡಿದದ್ದು ನಿಮ್ಮ ಮಗಳು ಕಣಮ್ಮ. ನಾನು ತಪ್ಪು ಬರೆದುಬಿಡ್ತಿದ್ದೆ. ನಮ್ಮ ಪುಸ್ತಕದಲ್ಲಿ ಆಕೆ ಹೆಸರು ಬರೆದಿದೀನಿ."

ಅಂಜಿನಮ್ಮ ಆ ಪುಟ ನೋಡಿದಳು. ಓದಲು ಬರುತ್ತಿರಲಿಲ್ಲ, ಕಸ್ತೂರಿ ಬೆರಳಿಟ್ಟು ಓದಿ ಹೇಳಿದಳು.

ಮಧ್ಯಾಹ್ನ ಹೊಳೆದಂಡೆಯ ಹೊಂಗೆಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದರು. ಚೌಡಮ್ಮ ರೊಟ್ಟಿ, ಹುರುಳಿಕಾಳಿನ ಪಲ್ಯ ತಂದಿದ್ದಳು. ಮೇಡಮ್ಮಿಗೆ ಬಡಿಸಿದಳು, ಮೊಮ್ಮಗಳಿಗೆ ಬಡಿಸಿದಳು.

"ಇವತ್ತು ಮಂಗಳವಾರ, ಅವ್ವ," ಎಂದಳು ಅಂಜಿನಮ್ಮ.

"ಗೊತ್ತೈತೆ," ಎಂದು ಚೌಡಮ್ಮ ತನಗೂ ಎರಡು ರೊಟ್ಟಿ ಹಾಕಿಕೊಂಡು ಮುರಿದು ತಿನ್ನತೊಡಗಿದಳು.